ಬೀದರಿನದು ‘ಜಂಟಿ’ ಅಲ್ಲ

ಚಿಂತಾಮಣಿಯ ಶಾಲೆಯೊಂದರ ಗೋಡೆಯ ಮೇಲೆ ಮಕ್ಕಳು ಬರೆದ ಕರ್ನಾಟಕದ ನಕ್ಷೆ ನೋಡಿದೆ. ಬೀದರ್, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ನಾಲ್ಕಕ್ಕೂ ಒಂದೇ ಕೆಂಪು ಚುಕ್ಕೆ, ಕೆಳಗೆ ‘ಜಂಟಿ ವಿಮಾನ ನಿಲ್ದಾಣಗಳು’. ಮಕ್ಕಳನ್ನು ಅಂದು ಫಲವಿಲ್ಲ, ದೊಡ್ಡವರು ಬರೆಯುವುದೂ ಹೀಗೇ.

ಜಂಟಿ ಎಂದರೇನೆಂದು ನಮ್ಮ ಕಡೆಯ ರೈತರನ್ನು ಕೇಳಿ. ಪೋಡಿಯಾಗದ ಸರ್ವೆ ನಂಬರಿನ ಪಹಣಿಯಲ್ಲಿ ಅಣ್ಣ, ತಮ್ಮ, ಚಿಕ್ಕಪ್ಪನ ಮಗ ಎಲ್ಲರ ಹೆಸರೂ ಒಟ್ಟಿಗಿರುತ್ತದೆ. ಯಾರ ತುಂಡು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾಗದು. ಅದು ಜಂಟಿ. ಬೀದರಿನಲ್ಲಿ ರನ್‌ವೇ ವಾಯುಪಡೆಯದು, ವಿಮಾನ ಇಳಿಯಲು ಅನುಮತಿ ಕೊಡುವವರೂ ಅವರೇ. 2020ರ ಫೆಬ್ರುವರಿಯಲ್ಲಿ ಪ್ರಯಾಣಿಕರಿಗೆ ತೆರೆದದ್ದು ಅಂಚಿನ ಒಂದು ಟರ್ಮಿನಲ್ ಮತ್ತು ವಿಮಾನ ನಿಲ್ಲುವ ಅಂಗಳ, ಅಷ್ಟೆ. ಬೇರೆಯವರ ಹೊಲದಲ್ಲಿ ನಮಗೆ ಬಿಟ್ಟ ದಾರಿಯಂತೆ.

ಇದರ ಸರಿಯಾದ ಹೆಸರು ‘ಸಿವಿಲ್ ಎನ್‌ಕ್ಲೇವ್’. ಸಶಸ್ತ್ರ ಪಡೆಗೆ ಸೇರಿದ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೂ ಸಾಮಾನು ಸರಕಿಗೂ ಹಂಚಿಕೊಟ್ಟ ಜಾಗ ಎಂದು 1994ರ ವಿಮಾನ ನಿಲ್ದಾಣ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಎನ್‌ಕ್ಲೇವ್ ಫ್ರೆಂಚ್ ಮೂಲದ ಮಾತು, ಅದರ ಬೇರಿನಲ್ಲಿರುವುದು ಲ್ಯಾಟಿನ್ನಿನ ‘ಕ್ಲಾವಿಸ್’, ಅಂದರೆ ಬೀಗದ ಕೈ. ಸುತ್ತಲೂ ಮತ್ತೊಬ್ಬರ ಬೇಲಿಯಿರುವ ಜಾಗಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗುವುದು ಕಷ್ಟ.

ಕನ್ನಡದಲ್ಲಿ ಈ ವ್ಯತ್ಯಾಸ ಹೇಳಲು ಪದವಿಲ್ಲ ಎನ್ನುವವರ ಮೇಲೆ ನನಗೆ ಇನ್ನೂ ಹೆಚ್ಚು ಬೇಸರ. ನಿಲ್ ಎಂಬುದಕ್ಕೆ ತಾಣ ಸೇರಿ, ತಕಾರ ದಕಾರವಾಗಿ ‘ನಿಲ್ದಾಣ’ವಾಯಿತು: ಬಂದು, ನಿಂತು, ಹೋಗುವ ಜಾಗ. ‘ನೆಲೆ’ಯೂ ಅದೇ ಬೇರಿನದು, ಆದರೆ ಅಲ್ಲಿ ನಿಂತವರು ಹೊರಡುವುದಿಲ್ಲ, ನೆಲೆಸುತ್ತಾರೆ, ನೆಲೆಯೂರುತ್ತಾರೆ. ಬಸ್ ನಿಲ್ದಾಣವನ್ನು ಬಸ್ ನೆಲೆ ಎಂದು ಯಾರೂ ಅನ್ನುವುದಿಲ್ಲ. ಹಾಗಾಗಿ ವಾಯುಪಡೆ ಬೀಡುಬಿಟ್ಟಿರುವುದು ವಾಯುನೆಲೆ, ಟಿಕೆಟ್ ಹಿಡಿದವರು ಹೋಗುವುದು ವಿಮಾನ ನಿಲ್ದಾಣ. ಬೀದರಿನಲ್ಲಿ ನೆಲೆಯೊಳಗೊಂದು ನಿಲ್ದಾಣವಿದೆ. ಪುಣೆಯ ಲೋಹಗಾಂವ್‌ನಲ್ಲೂ ಹಾಗೆಯೇ. ಗೋವಾದ ದಾಬೋಲಿಮ್‌ನಲ್ಲಿ ಮನೆಯೊಡೆಯ ವಾಯುಪಡೆಯಲ್ಲ, ನೌಕಾಪಡೆ. ಆ ನೆಲೆಯ ಹೆಸರು ಐಎನ್‌ಎಸ್ ಹಂಸ.

ಉಳಿದ ಮೂರು ಚುಕ್ಕೆಗಳು? ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಮೊದಲು ಸಿಗುವ ದೇವನಹಳ್ಳಿ ಬರೀ ನಿಲ್ದಾಣ, ಆಮೇಲೆ ಸಿಗುವ ಯಲಹಂಕ ಬರೀ ನೆಲೆ. ವೈಮಾನಿಕ ಪ್ರದರ್ಶನಕ್ಕೆ ಜನ ಸೇರಿದರೆಂದು ಅದು ನಿಲ್ದಾಣವಾಗದು. ಎಚ್‌ಎಎಲ್‌ನದು ಆ ಕಂಪನಿಯದೇ ಜಾಗ. 2008ರ ಮೇನಲ್ಲಿ ದೇವನಹಳ್ಳಿ ಶುರುವಾದಾಗ ಅಲ್ಲಿಂದ ದಿನನಿತ್ಯದ ಪ್ರಯಾಣಿಕ ವಿಮಾನಗಳು ಹೊರಟುಹೋದವು.

ನಕ್ಷೆ ಬರೆಯುವವರು ಬೀದರಿಗೆ ಮೊದಲು ಹೊರಬೇಲಿಯನ್ನು ನೆಲೆಯ ಬಣ್ಣದಲ್ಲಿ ಎಳೆಯಲಿ, ಅದರೊಳಗೆ ಟರ್ಮಿನಲ್ಲನ್ನೂ ಅಂಗಳವನ್ನೂ ಸೇರಿಸಿ ಚಿಕ್ಕದಾಗಿ ಬೇರೆ ಬಣ್ಣ ಹಾಕಲಿ. ನೆಲೆಯ ಒಳಗಿನ ಕಟ್ಟಡಗಳ ಗೊಡವೆ ಬೇಡ. ಎರಡು ಹೆಸರಿದೆಯೆಂದು ಅದೇ ರನ್‌ವೇಯನ್ನು ಎರಡು ಸಲ ಬರೆಯುವುದೂ ಬೇಡ. ಅದು ನೆಲೆಯ ಬಣ್ಣದಲ್ಲೇ ಇರಲಿ.