ಮಿಲೇ ಬರೆದ ಮೂಲಚಿತ್ರ ನಿಮ್ಮ ಮನೆಯಲ್ಲಿ ಇಲ್ಲ

ಲಂಡನ್ನಿನಲ್ಲಿ ಹಳೇ ಕಾಗದ, ಹಳೇ ಚಿತ್ರ ರಿಪೇರಿ ಮಾಡುವುದು ನನ್ನ ಕೆಲಸ. ಫ್ರೇಮ್ ಹಾಕಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು "ಇದು ಮಿಲೇ ಕೈಯಾರೆ ಬರೆದದ್ದು" ಅನ್ನುವವರು ಆಗಾಗ ಬರುತ್ತಾರೆ. ಅಲ್ಲ ಅಂದರೆ ಮುಖ ಸಣ್ಣಗಾಗುತ್ತದೆ. ಮಿಲೇ ಅಂದರೆ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಚಿತ್ರಕಾರ, ಪತ್ರಿಕೆಗಳ ಕಥೆಗಳಿಗೂ ಚಿತ್ರ ಬರೆಯುತ್ತಿದ್ದರು.

ಇಂಗ್ಲಿಷ್ ಕಾದಂಬರಿಕಾರ ಟ್ರಾಲಪ್‌ರ 'ಫ್ರಾಮ್ಲಿ ಪಾರ್ಸನೇಜ್' ಕಾದಂಬರಿ 1860-61ರಲ್ಲಿ ಲಂಡನ್ನಿನ ಕಾರ್ನ್‌ಹಿಲ್ ಮ್ಯಾಗಜೀನಿನಲ್ಲಿ ಧಾರಾವಾಹಿಯಾಗಿ ಬಂತು, ಚಿತ್ರ ಮಿಲೇ ಅವರದ್ದು. ಆಗಿನ ಪದ್ಧತಿ ಏನೆಂದರೆ, ಕಲಾವಿದ ನೇರವಾಗಿ ಬಾಕ್ಸ್‌ವುಡ್ ಮರದ ಬ್ಲಾಕಿನ ಮೇಲೆಯೇ ಬರೆಯುತ್ತಿದ್ದ. ಆಮೇಲೆ ಕೆತ್ತುವವರು ಗೆರೆ ಮಾತ್ರ ಉಳಿಸಿ ನಡುವಿನ ಬಿಳಿಯನ್ನೆಲ್ಲ ಉಳಿಯಿಂದ ತೆಗೆಯುತ್ತಿದ್ದರು. ಅಂದರೆ ಕೆತ್ತನೆ ಮುಗಿಯುವಷ್ಟರಲ್ಲಿ ಬರೆದ ಚಿತ್ರವೇ ಹೋಗಿರುತ್ತಿತ್ತು! ನಿಮ್ಮ ಹತ್ತಿರ ಇರುವುದು ಅದರ ಅಚ್ಚು. ಎಷ್ಟೋ ಸಲ ಬ್ಲಾಕಿನದ್ದೂ ಅಲ್ಲ, ಅದರಿಂದ ತೆಗೆದ ಲೋಹದ ಪಡಿಯಚ್ಚಿನದ್ದು.

ಮೂಲೆಯಲ್ಲಿ 'ಡಾಲ್ಜಿಯಲ್' ಅಥವಾ 'ಸ್ವೇನ್' ಅಂತಿದ್ದರೆ ಅದು ಕೆತ್ತಿದವರ ಹೆಸರು. ಹಾಳೆಯ ಹಿಂದೆ ಖಾಲಿ ಇದೆಯಲ್ಲ, ಪತ್ರಿಕೆಯ ಪುಟ ಆಗಿರಲಾರದು ಅಂತ ವಾದಿಸಬೇಡಿ. ಕಾರ್ನ್‌ಹಿಲ್‌ನವರು ಪುಟದಷ್ಟು ದೊಡ್ಡ ಚಿತ್ರಗಳನ್ನು ಬೇರೆಯಾಗಿ ಅಚ್ಚು ಹಾಕಿ ಸೇರಿಸುತ್ತಿದ್ದರು, ಹಿಂದೆ ಖಾಲಿಯೇ ಇರುತ್ತದೆ.

ಹಾಗಂತ ಮೂಲಚಿತ್ರ ಒಂದೂ ಉಳಿದಿಲ್ಲ ಅಂತ ನಾನು ಹೇಳಲಾರೆ. 1860ರ ದಶಕದಲ್ಲೇ ಕಾಗದದ ಚಿತ್ರವನ್ನು ಫೋಟೊ ಮೂಲಕ ಬ್ಲಾಕಿಗೆ ಇಳಿಸುವುದು ಶುರುವಾಯಿತು, ಅಂಥ ಕೆಲವು ಉಳಿದಿವೆ. ಆದ್ದರಿಂದ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡದೆ, ಬರೀ ಮೊಬೈಲ್ ಫೋಟೊ ನೋಡಿ ನಾನು ಏನೂ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

ಒಮ್ಮೆ ಒಬ್ಬ ಅಜ್ಜಿ ಆ ಕಾದಂಬರಿಯ ಚಿತ್ರವನ್ನೇ ತಂದಿದ್ದರು. ಹಾಸಿಗೆ ಮೇಲೆ ಬೋರಲು ಬಿದ್ದು ಅಳುವ ಕಥಾನಾಯಕಿ ಲೂಸಿ, ಪುಟದ ತುಂಬ ಅವಳ ನಿರಿಗೆ ಲಂಗ. ಅದನ್ನು ನೋಡಿ ಟ್ರಾಲಪ್ ಸಿಟ್ಟಾಗಿ ಪ್ರಕಾಶಕರಿಗೆ ಪತ್ರ ಬರೆದಿದ್ದರು. ಆಮೇಲೆ ಅಂಥದ್ದೇ ಲಂಗ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಾದರು. ಈ ಕಥೆ ಕೇಳಿ ಅಜ್ಜಿ ನಕ್ಕರು, ಮೂಲ ಅಲ್ಲ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಲೇ ಇಲ್ಲ. ಹಿಂದಿನ ಕಂದು ರಟ್ಟು ಆಮ್ಲ ಬಿಟ್ಟು ಹಾಳೆಯನ್ನು ತಿನ್ನುತ್ತಿತ್ತು, ಕಿತ್ತು ಹಾಕಿದೆ. ಬಿಸಾಡಲು ಹೋದಾಗ ಅಜ್ಜಿ ಕೈ ಹಿಡಿದರು. ರಟ್ಟಿನ ಒಳಗಡೆ ಅವರ ತಾಯಿ ಪೆನ್ಸಿಲ್‌ನಲ್ಲಿ ಬರೆದ ದಿನಸಿ ಪಟ್ಟಿ ಇತ್ತು. ಅದನ್ನೇ ಮೊದಲು ಬ್ಯಾಗಿಗೆ ಹಾಕಿಕೊಂಡರು.