ಬಯಲಲ್ಲಿ ಗಟ್ಟಿಯಾಗಿರುವ ರಾಜ್ಯ ಹೆದ್ದಾರಿ ಊರೊಳಗೆ ಬಂದರೆ ಯಾಕೆ ಕಿತ್ತುಹೋಗುತ್ತದೆ?

ಪ್ರಶ್ನೆ: ಹೊಲ, ತೋಟಗಳ ನಡುವೆ ರಸ್ತೆ ನುಣ್ಣಗಿರುತ್ತದೆ. ಊರು ಶುರುವಾದ ಕೂಡಲೇ ಗುಂಡಿ. ಗುತ್ತಿಗೆದಾರರೂ ಅವರೇ, ಡಾಂಬರೂ ಅದೇ. ಹೀಗೇಕೆ?

ಉತ್ತರ: ಜನ ಬೈಯುವುದು ಲಾರಿಗಳನ್ನು. ಊರೊಳಗಿನ ರಸ್ತೆಯನ್ನು ಹೆಚ್ಚಾಗಿ ಕೆಡಿಸುವುದು ನೀರು.

ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಎಂದು ಸಾಗುವ ರಾಜ್ಯ ಹೆದ್ದಾರಿ 33ರಂಥ ದಾರಿಯನ್ನೇ ನೋಡಿ. ಬಯಲಲ್ಲಿ ಇಂಥ ರಸ್ತೆಯನ್ನು ಸಾಮಾನ್ಯವಾಗಿ ಅಕ್ಕಪಕ್ಕದ ನೆಲಕ್ಕಿಂತ ಎತ್ತರದಲ್ಲಿ ಕಟ್ಟುತ್ತಾರೆ. ನಡುವಿನಿಂದ ಅಂಚಿಗೆ ಮೀಟರಿಗೆ 2ರಿಂದ 2.5 ಸೆಂ.ಮೀ. ಇಳಿಜಾರು ಕೊಟ್ಟಿರುತ್ತಾರೆ, ಮಳೆನೀರು ಹಾಗೇ ಹೊಲಕ್ಕೆ ಜಾರುತ್ತದೆ. ಡಾಂಬರಿನ ಕೆಳಗೆ ವೆಟ್ ಮಿಕ್ಸ್ (ನೀರು ಬೆರೆಸಿ ದಮ್ಮಸ್ಸು ಮಾಡಿದ) ಜಲ್ಲಿ, ಅದರಡಿ ಸುಮಾರು 20 ಸೆಂ.ಮೀ. ದಪ್ಪದ ಜಿಎಸ್‌ಬಿ, ಅಂದರೆ ಜಲ್ಲಿ-ಮರಳಿನ ತಳಪದರದ ಹಾಸು. ಈ ಹಾಸು ಭಾರ ಹೊರುವುದರ ಜೊತೆಗೆ, ಒಳಗೆ ಇಳಿದ ನೀರನ್ನು ಅಂಚಿಗೆ ಹರಿಸಿ ಹೊರಹಾಕಬೇಕು.

ಊರೊಳಗೆ ನೀರು ಹೊರಹೋಗುವ ಈ ದಾರಿಯೇ ಮುಚ್ಚಿಹೋಗುತ್ತದೆ. ಅಂಗಡಿಯವರು ಮುಂಭಾಗಕ್ಕೆ ಮಣ್ಣು ಹಾಕಿ ಎತ್ತರಿಸಿಕೊಳ್ಳುತ್ತಾರೆ, ರಸ್ತೆ ತಗ್ಗಾಗುತ್ತದೆ. ರಸ್ತೆಗೆ ಒತ್ತಿಕೊಂಡೇ ಕಾಂಕ್ರೀಟ್ ಚರಂಡಿ ಕಟ್ಟುತ್ತಾರೆ. ಗೋಡೆಯಲ್ಲಿ ತೂತು ಬಿಡದಿದ್ದರೆ ಜಿಎಸ್‌ಬಿಯ ನೀರಿಗೆ ಅದೇ ಅಣೆಕಟ್ಟು. ಚರಂಡಿಯೂ ಕಸದಿಂದ ತುಂಬಿದ್ದರೆ ನೀರು ವಾಪಸ್ ರಸ್ತೆಗೇ. ಮಳೆ ನಿಂತ ಮೇಲೂ ಬಸ್ಸಿನ ಚಕ್ರ ಹಾದಾಗ ಬಿರುಕಿನಿಂದ ಕೆಸರುನೀರು ಚಿಮ್ಮುತ್ತಿದೆಯೇ ನೋಡಿ. ಮೇಲ್ಮೈಯಲ್ಲಿ ಮೊಸಳೆ ಚರ್ಮದಂಥ ಬಿರುಕೂ ಇದ್ದರೆ ತಳ ಕೊಳೆತಿದೆ ಎಂದೇ ಅರ್ಥ. ಅದರ ಮೇಲೆ ಡಾಂಬರು ಬಳಿಯುವುದು ದುಡ್ಡು ದಂಡ.

ನಲ್ಲಿ ಪೈಪಿಗೆ ರಸ್ತೆ ಅಗೆದು, ಬರೀ ಮಣ್ಣು ತುಂಬಿ, ದಮ್ಮಸ್ಸು ಮಾಡದೆ ಬಿಟ್ಟರೂ ಒಂದೇ ಮಳೆಗಾಲದಲ್ಲಿ ಕುಸಿಯುತ್ತದೆ. ಇನ್ನು ಹಂಪ್ಸ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಅದು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಊರಿನವರ ಒತ್ತಾಯಕ್ಕೆ ರಾತ್ರೋರಾತ್ರಿ ಹಾಕಿದ ಹಂಪ್ಸ್ ಒಂದು ಮೀಟರ್ ಅಗಲವಿದ್ದರೆ ಹೆಚ್ಚು! ಅದರ ಹಿಂದೆ ನೀರು ನಿಲ್ಲುತ್ತದೆ, ಮುಂದೆ ಚಕ್ರ ಧೊಪ್ಪನೆ ಬೀಳುತ್ತದೆ. ಗುಂಡಿ ಹುಟ್ಟುವುದೂ ಅಲ್ಲೇ.

ತೇಪೆ ನಿಲ್ಲಬೇಕಾದರೆ ಗುಂಡಿಯನ್ನು ಚೌಕವಾಗಿ, ಅಂಚು ನೇರ ನಿಲ್ಲುವಂತೆ ಗಟ್ಟಿ ಪದರ ಸಿಗುವವರೆಗೆ ಕತ್ತರಿಸಬೇಕು. ಧೂಳು ತೆಗೆದು, ಒಣಗಿಸಿ, ತಳಕ್ಕೂ ಅಂಚಿಗೂ ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಅಂಟಲು ತೆಳು ಡಾಂಬರು) ಹೊಡೆದು, ಬಿಸಿ ಮಿಶ್ರಣವನ್ನು ಪದರ ಪದರವಾಗಿ ತುಂಬಿ ರೋಲರ್ ಓಡಿಸಬೇಕು. ಒದ್ದೆ ಗುಂಡಿಗೆ ಬಾಣಲೆಯಿಂದ ಸುರಿದು ಸಲಿಕೆಯಲ್ಲಿ ತಟ್ಟಿದ್ದು ವಾರದಲ್ಲಿ ಎದ್ದುಬರುತ್ತದೆ. ಪೇಟೆ ಭಾಗಕ್ಕೆ ಸಿಸಿ ರಸ್ತೆಯೇ ವಾಸಿ, ಆದರೆ ಚರಂಡಿ ಸರಿಪಡಿಸದೆ ಅದನ್ನು ಹಾಕಿದರೆ ನೀರು ಮನೆಗಳಿಗೆ ನುಗ್ಗುತ್ತದೆ.

ದೂರು ಕೊಡುವಾಗ ‘ಬಸ್ ಸ್ಟ್ಯಾಂಡ್ ಹತ್ತಿರ’ ಎಂದರೆ ಸಾಲದು. ಹಸಿರು ತಲೆಯ ಕಿಲೋಮೀಟರ್ ಕಲ್ಲಿನಲ್ಲಿ ಹೆದ್ದಾರಿ ಸಂಖ್ಯೆ ಮತ್ತು ಕಿ.ಮೀ. ನೋಡಿಕೊಳ್ಳಿ, ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ಇದ್ದರೆ ಅದರ ಅಂಕಿಯನ್ನೂ ಬರೆಯಿರಿ. ಲೋಕೋಪಯೋಗಿ ಇಲಾಖೆಯ ಉಪವಿಭಾಗಕ್ಕೆ ಅರ್ಜಿ ಕೊಡುವ ಮೊದಲು ಆ ಭಾಗವನ್ನು ಪುರಸಭೆಗೆ ಹಸ್ತಾಂತರಿಸಿದ್ದಾರೆಯೇ ಕೇಳಿ, ಬೈಪಾಸ್ ಆದ ಊರುಗಳಲ್ಲಿ ಹೀಗಾಗಿರುತ್ತದೆ. ಜೊತೆಗಿಡುವ ಫೋಟೊ ಗುಂಡಿಯದಷ್ಟೇ ಬೇಡ. ಮಳೆ ನಿಂತು ಒಂದು ಗಂಟೆಯ ಮೇಲೂ ನೀರು ಎಲ್ಲಿ ನಿಂತಿದೆ ಎಂಬುದರದ್ದೂ ಇರಲಿ.