ಸೆಟ್ಟೇ ಅಂದ್ರೇನು? ಅನಿಮೆ ಹಾಳೆ ಕೂಡಿಡೋರ ಬಾಯಲ್ಲಿ ದಿನಾ ಬರೋ ಪದ

ಅನಿಮೆ, ಅಂದ್ರೆ ಜಪಾನಿನ ಕಾರ್ಟೂನ್ ಚಿತ್ರ, ನೋಡೋರು ಬೇಕಾದಷ್ಟು ಜನ ಇದಾರೆ, ಅದನ್ನ ಮಾಡುವಾಗ ಬಳಸಿದ ಹಾಳೆಗಳನ್ನ ಹುಡುಕಿ ತರಿಸಿ ಜೋಪಾನ ಮಾಡೋರು ಕಡಿಮೆ, ಆ ಕಡಿಮೆ ಜನರ ಮಾತಲ್ಲಿ ಪದೇ ಪದೇ ಬರೋದು ಸೆಟ್ಟೇ. ಜಪಾನಿ ಪದ, ಅರ್ಥ ‘ಹೀಗೇ ಅಂತ ಗೊತ್ತು ಮಾಡಿದ್ದು’. ನಮ್ಮ ‘ನಿಗದಿ’ ಅದಕ್ಕೆ ತುಂಬ ಹತ್ರ. ಅಲ್ಲಿನವರು ಫೋನಿನ ಸೆಟ್ಟಿಂಗ್ಸ್‌ಗೂ ಇದೇ ಪದ ಹೇಳ್ತಾರೆ.

ಯಾಕೆ ನಿಗದಿ ಮಾಡ್ಬೇಕು ಅಂದ್ರೆ, ಒಂದು ಎಪಿಸೋಡಿಗೆ ಸುಮಾರು 300 ಕಟ್, ಅಂದ್ರೆ ಶಾಟ್, ಇರತ್ತೆ, ಅದನ್ನೆಲ್ಲ ಒಬ್ರೇ ಬರೆಯಲ್ಲ, ಬೇರೆ ಬೇರೆ ಊರಲ್ಲಿ ಕೂತ ಎಷ್ಟೋ ಜನ ಹಂಚ್ಕೊಂಡು ಬರೀತಾರೆ, ಹೀರೋ ಬೈತಲೆ ಎಡಕ್ಕೋ ಬಲಕ್ಕೋ, ಅಂಗಿಗೆ ಎಷ್ಟು ಗುಂಡಿ ಅನ್ನೋದು ಮೊದಲೇ ಗೊತ್ತಾಗದೆ ಹೋದ್ರೆ ಕಟ್ಟಿಗೊಂದು ಥರ ಆಗ್ಬಿಡತ್ತೆ. ಹಾಗಾಗಿ ಪಾತ್ರ ರೂಪಿಸೋರು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣತ್ತೆ, ಸಿಟ್ಟು ಬಂದ್ರೆ ಹುಬ್ಬು ಹೇಗಿರತ್ತೆ, ಪಕ್ಕ ಪಕ್ಕ ನಿಂತ್ರೆ ಯಾರು ಎಷ್ಟು ಎತ್ತರ, ಎಲ್ಲಾ ಬರೆದು ಕೊಡ್ತಾರೆ. ಅದು ಕ್ಯಾರೆಕ್ಟರ್ ಸೆಟ್ಟೇ. ಯಂತ್ರಗಳಿಗೆ ಮೆಕಾ ಸೆಟ್ಟೇ, ಮನೆ ಬೀದಿ ಕೋಣೆಗೆಲ್ಲ ಬಿಜುತ್ಸು ಸೆಟ್ಟೇ, ಬಣ್ಣಕ್ಕೆ ಶಿಕಿಸಾಯಿ ಸೆಟ್ಟೇ.

ನನ್ನ ಹತ್ರ ಇರೋ ಒಂದು ಹಾಳೆ ಹೇಳ್ತೀನಿ. ಬಿ4 ಸೈಜು, ಸ್ಕೂಲ್ ಯೂನಿಫಾರ್ಮಿನ ಹುಡುಗಿ, ಮೂಲೆಲಿ ಕಾಲರ್ ಮಾತ್ರ ದೊಡ್ಡದಾಗಿ ಬರೆದು ಬಾಣ ಹಾಕಿ ‘ಗೆರೆ ಎರಡು’ ಅಂತ ಕೈಬರಹದಲ್ಲಿ ನೋಟ್, ಮೇಲೆ ಕೆತ್ತೇಕೋ ಅಂತ ಮುದ್ರೆ. ಕೆತ್ತೇಕೋ ಅಂದ್ರೆ ಫೈನಲ್ ಆದದ್ದು, ಅದಕ್ಕೂ ಮುಂಚಿನ ಕರಡಿಗೆ ಜುಂಬಿಕೋ ಅಂತಾರೆ. ಬೂಟಿನ ಪಕ್ಕ ಯಾರೋ ಕೆಂಪು ಪೆನ್ಸಿಲ್ಲಲ್ಲಿ ಒಂದು ಟಿಕ್ ಹಾಕಿದಾರೆ. ನನಗೆ ಇಡೀ ಹಾಳೆಲಿ ಅದೇ ಇಷ್ಟ, ಈ ಹಾಳೆ ಯಾರದೋ ಮೇಜಿನ ಮೇಲೆ ಕೆಲಸ ಮಾಡಿದೆ ಅನ್ನೋದಕ್ಕೆ ಅದೇ ಗುರುತು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳ್ಕೋಬೇಕು. ಮಾರ್ಕೆಟ್ಟಲ್ಲಿ ಸಿಗೋ ಸೆಟ್ಟೇ ಹೆಚ್ಚಿನಂಶ ಜೆರಾಕ್ಸೇ! ಜೆರಾಕ್ಸಿಗೆ ಯಾಕೆ ದುಡ್ಡು ಸುರೀತೀಯಾ ಅಂತ ಮನೇಲಿ ಕೇಳ್ತಾರೆ, ಆದ್ರೆ ಎಲ್ಲರ ಕೈಗೂ ಒಂದೊಂದು ಹೋಗಲಿ ಅಂತ್ಲೇ ಸೆಟ್ಟೇ ಹುಟ್ಟಿದ್ದು, ಅಂದು ಸ್ಟುಡಿಯೋದವರು ಹಂಚಿದ ಆ ಕಾಪಿನೇ ಇಲ್ಲಿ ಅಸಲಿ. ಪೆನ್ಸಿಲ್ಲಲ್ಲಿ ಬರೆದ ಮೂಲ ಚಿತ್ರ ಹೊರಗೆ ಬರೋದು ಅಪರೂಪ. ನಕಲಿ ಅಂದ್ರೆ ಆಮೇಲೆ ಯಾರೋ ಮತ್ತೆ ಜೆರಾಕ್ಸ್ ಮಾಡಿದ್ದು. ಒಮ್ಮೆ ಒಬ್ಬರಿಂದ ಸ್ಟುಡಿಯೋ ಕಾಪಿ ಅಂತ ಒಂದು ಸೆಟ್ ತಗೊಂಡೆ, ಕವರ್ ಬಿಚ್ಚಿ ನೋಡಿದ್ರೆ ಹಾಳೆಲಿ ಫೈಲಿಗೆ ಹಾಕೋಕೆ ಹೊಡೆಯೋ ತೂತಿಲ್ಲ, ತೂತಿನ ಕರಿ ನೆರಳು ಮಾತ್ರ ಪ್ರಿಂಟ್ ಆಗಿದೆ, ಸ್ಟೇಪಲ್ ಪಿನ್ನಿನ ಗುರುತೂ ಹಾಗೇ, ಸಣ್ಣ ಅಕ್ಷರ ಎಲ್ಲಾ ಊದ್ಕೊಂಡು ಓದೋಕೇ ಆಗಲ್ಲ. ತುಂಬಾ ಬೇಜಾರಾಯ್ತು. ಅವತ್ತಿಂದ ಮೊದಲು ನೋಡೋದೇ ತೂತು.

ಸೆಟ್ಟೇ ಜೊತೆಗೇ ಬರೋ ಇನ್ನೊಂದು ಪದ ಎಕೊಂಟೆ, ಅಂದ್ರೆ ಸ್ಟೋರಿಬೋರ್ಡ್. ‘ಎ’ ಅಂದ್ರೆ ಚಿತ್ರ, ‘ಕೊಂಟೆ’ ಇಂಗ್ಲಿಷಿನ ಕಂಟಿನ್ಯುಟಿಯಿಂದ ಬಂದದ್ದು. ಹಾಳೆ ಮೇಲಿಂದ ಕೆಳಕ್ಕೆ ಓದ್ಬೇಕು, ಕಟ್ ನಂಬರ್, ಚಿತ್ರ, ಏನು ನಡೀತಿದೆ, ಮಾತು, ಕೊನೇಲಿ ಸಮಯ. ಸಮಯದ ಕಾಲಮ್ಮಲ್ಲಿ 2+12 ಅಂತ ಇದ್ರೆ ಲೆಕ್ಕ ಅಲ್ಲ, ಎರಡು ಸೆಕೆಂಡು ಹನ್ನೆರಡು ಫ್ರೇಮು, ಸೆಕೆಂಡಿಗೆ 24 ಫ್ರೇಮ್ ಆದ್ದರಿಂದ ಎರಡೂವರೆ ಸೆಕೆಂಡ್. ಇದು ಗೊತ್ತಾದ್ಮೇಲೆ ಎಕೊಂಟೆ ಓದೋ ಖುಷಿನೇ ಬೇರೆ, ನಿರ್ದೇಶಕರು ಎಲ್ಲಿ ಸುಮ್ನೆ ಬಿಟ್ಟಿದಾರೆ ಎಲ್ಲಿ ಓಡಿಸಿದಾರೆ ಅಂತ ಹಾಳೆ ಮೇಲೇ ಕಾಣತ್ತೆ. ಹೆಸರಾಂತ ಅನಿಮೆ ನಿರ್ದೇಶಕ ಮಿಯಾಝಾಕಿ ಹಯಾವೊ ಎಕೊಂಟೆ ಮುಗಿಯೋ ಮೊದಲೇ ಕೆಲಸ ಶುರು ಮಾಡಿಸ್ತಿದ್ರು, ಅವರ ಎಕೊಂಟೆಗಳು ಪುಸ್ತಕವಾಗೇ ಬಂದಿವೆ, ಹೊಸಬರು ಅದ್ರಿಂದ ಶುರು ಮಾಡಿದ್ರೆ ದುಡ್ಡೂ ಉಳಿಯತ್ತೆ ಕಣ್ಣೂ ಪಳಗತ್ತೆ.

ಇವೆಲ್ಲಕ್ಕೂ ಸೇರಿಸಿ ಚೂಕನ್ ಸೊಝಾಯ್ ಅಂತಾರೆ, ನಡುವಿನ ಸಾಮಗ್ರಿ ಅಂತ. ಸಿನಿಮಾ ಆದ್ಮೇಲೆ ಯಾರಿಗೂ ಬೇಡ, ಇಡೋಕೆ ಜಾಗ ಇಲ್ಲ, ಎಷ್ಟೋ ಕಸಕ್ಕೆ ಹೋಗಿವೆ. ಈಗ ಜಪಾನಿನ ನೀಗಾತಾ ವಿಶ್ವವಿದ್ಯಾಲಯದವರು ಇವನ್ನ ಕೂಡಿಸಿ ಅಧ್ಯಯನ ಮಾಡ್ತಿದಾರೆ, ಅದು ದೊಡ್ಡ ಕೆಲಸ. ಬಣ್ಣ ಹಚ್ಚೋ ಪಾರದರ್ಶಕ ಸೆಲ್ ಹಾಳೆಗಳಂತೂ ನಿಂತೇ ಹೋದ್ವು, ಕೊನೇವರೆಗೂ ಬಿಡದೆ ಬಳಸಿದ ಟಿವಿ ಸರಣಿ ಸಾಝಾಎ-ಸಾನ್ ಕೂಡ 2013ರಲ್ಲಿ ಪೂರ್ತಿ ಡಿಜಿಟಲ್ ಆಯ್ತು.

ಕೊಳ್ಳೋಕೆ ಟೋಕಿಯೋದ ನಕಾನೋ ಬ್ರಾಡ್‌ವೇ ಒಳಗಿನ ಮಂದರಾಕೆ ಅಂಗಡಿಗಳು ಹೆಸರುವಾಸಿ, ಆನ್‌ಲೈನ್ ಹರಾಜೂ ಇದೆ. ಅಲ್ಲಿ ಜಿಕಿಹಿತ್ಸು ಅಂತ ಬರೆದಿದ್ರೆ ಕೈಯಲ್ಲೇ ಬರೆದದ್ದು ಅಂತ, ಬೆಲೆ ಜೆರಾಕ್ಸಿಗಿಂತ ಎಷ್ಟೋ ಜಾಸ್ತಿ. ತಂದ್ಮೇಲೆ ಪಿವಿಸಿ ಕವರಲ್ಲಿ ಮಾತ್ರ ಹಾಕ್ಬೇಡಿ, ಟೋನರ್, ಅಂದ್ರೆ ಜೆರಾಕ್ಸಿನ ಮಸಿ, ಕವರಿಗೆ ಅಂಟಿ ಗೆರೆನೇ ಕಿತ್ಕೊಂಡು ಬರತ್ತೆ, ಪಾಲಿಪ್ರೊಪಿಲೀನ್ ತಗೊಳ್ಳಿ, ತುಕ್ಕು ಹಿಡಿಯೋ ಮೊದಲೇ ಪಿನ್ ತೆಗೀರಿ. ಮತ್ತೆ ಹಾಳೆ ನಿಮ್ಮದಾದ್ರೂ ಚಿತ್ರದ ಹಕ್ಕು ನಿಮ್ಮದಲ್ಲ, ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿ ಮಾರೋ ಹಾಗಿಲ್ಲ.